ಪಾಳಿ ಮುಗಿದ ಮೇಲಿನ ಹದಿನಾರು ಗಂಟೆ: ಕಾರವಾರ ಕಡೆಯ ಕಾರ್ಮಿಕರ ಪರಿಸರವನ್ನು ಅಳೆಯುವುದು ಹೇಗೆ

ಕಾರ್ಖಾನೆಯ ಆಸುಪಾಸಿನಲ್ಲಿ ದುಡಿದು ಬದುಕುವವರ ಪರಿಸರ ಹೇಗಿದೆ ಎಂದರೆ ಮಾತು ನೇರ ಹೊಗೆ, ವಾಸನೆ, ಕೊಳಕು ನೀರಿಗೆ ಹೋಗುತ್ತದೆ. ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 26 ಪ್ರಶ್ನೆಗಳ ಕಿರು ಪ್ರಶ್ನಾವಳಿಯಲ್ಲಿ, ಅಂದರೆ ಡಬ್ಲ್ಯುಎಚ್‌ಒ ಕ್ವಾಲ್-ಬ್ರೆಫ್‌ನಲ್ಲಿ, ಪರಿಸರದ ಭಾಗಕ್ಕೆ 8 ಪ್ರಶ್ನೆಗಳಿವೆ. ಆ ಎಂಟರಲ್ಲಿ ಗಾಳಿ, ಸದ್ದು, ಹವೆಯನ್ನು ಕುರಿತದ್ದು ಒಂದೇ. ಉಳಿದ ಏಳು ಬೇರೆಯೇ ವಿಷಯಗಳು: ದಿನನಿತ್ಯ ಎಷ್ಟು ಸುರಕ್ಷಿತ ಅನ್ನಿಸುತ್ತದೆ, ಅಗತ್ಯಕ್ಕೆ ಸಾಕಾಗುವಷ್ಟು ಹಣ ಇದೆಯೇ, ಬೇಕಾದ ಮಾಹಿತಿ ಸಿಗುತ್ತದೆಯೇ, ವಿರಾಮಕ್ಕೆ ಅವಕಾಶ ಇದೆಯೇ, ವಾಸದ ಜಾಗ ಹೇಗಿದೆ, ವೈದ್ಯಕೀಯ ಸೌಲಭ್ಯ ಕೈಗೆಟುಕುತ್ತದೆಯೇ, ಓಡಾಟಕ್ಕೆ ವ್ಯವಸ್ಥೆ ಹೇಗಿದೆ. ಎಂಟು ಗಂಟೆಯ ಪಾಳಿ ಮುಗಿಸಿ ಗೇಟು ದಾಟಿದ ಮೇಲೆ ಉಳಿಯುವ ಹದಿನಾರು ಗಂಟೆಯ ಲೆಕ್ಕ ಬಹುಪಾಲು ಇಲ್ಲಿದೆ.

ಉತ್ತರ ಕನ್ನಡದಲ್ಲಿ ಇಂಥ ಬದುಕು ಒಂದೇ ಬಗೆಯದ್ದಲ್ಲ. ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಶಿರವಾಡದ ಕೈಗಾರಿಕಾ ಪ್ರದೇಶ, ಅರಗಾದ ನೌಕಾನೆಲೆಯ ಗುತ್ತಿಗೆ ಕೆಲಸ, ಬೈತಖೋಲದ ಮೀನುಗಾರಿಕೆ ಬಂದರು, ದೋಣಿಗಳಿಗೆ ಮಂಜುಗಡ್ಡೆ ಒದಗಿಸುವ ಕಾರ್ಖಾನೆಗಳು, ಮಲ್ಲಾಪುರದಿಂದ ಕೈಗಾಕ್ಕೆ ಹೋಗಿಬರುವವರು, ದಾಂಡೇಲಿಯ ಕಾಗದದ ಗಿರಣಿ, ಘಟ್ಟದ ಮೇಲೆ ಶಿರಸಿಯ ಅಡಿಕೆ ವಖಾರಿಗಳು. ಟೌನ್‌ಶಿಪ್ಪಿನಲ್ಲಿ ಕ್ವಾರ್ಟರ್ಸ್ ಸಿಕ್ಕ ಕಾಯಂ ನೌಕರನಿಗೂ ಅದೇ ಗೇಟಿನಲ್ಲಿ ಒಳಹೋಗುವ ಗುತ್ತಿಗೆ ಕಾರ್ಮಿಕನಿಗೂ ಸೇರಿಸಿ ಒಂದು ಸರಾಸರಿ ತೆಗೆದರೆ ಅದು ಇಬ್ಬರನ್ನೂ ಹೇಳುವುದಿಲ್ಲ.

ಅಂಕದ ಲೆಕ್ಕ, ಅದರ ಮೋಸ

ಪರಿಸರದ ಭಾಗಕ್ಕೆ ಸೇರಿದ್ದು 8, 9, 12, 13, 14, 23, 24 ಮತ್ತು 25ನೇ ಪ್ರಶ್ನೆಗಳು. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ, ಹೆಚ್ಚಾದಷ್ಟೂ ಒಳ್ಳೆಯದು. ಇವುಗಳಲ್ಲಿ ಯಾವುದನ್ನೂ ತಿರುಗಿಸಿ ಎಣಿಸಬೇಕಾಗಿಲ್ಲ. ತಿರುಗಿಸಬೇಕಾದ 3, 4, 26ನೇ ಪ್ರಶ್ನೆಗಳು ಬೇರೆ ಭಾಗದವು. ಎಂಟರ ಸರಾಸರಿ ತೆಗೆದು 4ರಿಂದ ಗುಣಿಸಿದರೆ 4ರಿಂದ 20ರೊಳಗಿನ ಅಂಕ ಬರುತ್ತದೆ. ಅದರಿಂದ 4 ಕಳೆದು 100ರಿಂದ ಗುಣಿಸಿ 16ರಿಂದ ಭಾಗಿಸಿದರೆ ನೂರಕ್ಕೆ ಇಷ್ಟು ಎಂದು ಸಿಗುತ್ತದೆ. ಎಂಟರಲ್ಲಿ ಎರಡರವರೆಗೆ ಉತ್ತರ ಬಿಟ್ಟುಹೋಗಿದ್ದರೆ ಉಳಿದವುಗಳ ಸರಾಸರಿಯಿಂದ ನಡೆಸಬಹುದು. ಮೂರು ಬಿಟ್ಟಿದ್ದರೆ ಆ ವ್ಯಕ್ತಿಯ ಪರಿಸರದ ಅಂಕ ಹಾಕಬಾರದು.

ಈಗ ಒಂದು ಲೆಕ್ಕ ನೋಡಿ. ಒಬ್ಬರು ಎಂಟಕ್ಕೂ 3 ಹಾಕಿದ್ದಾರೆ, ಬಂದದ್ದು 50. ಇನ್ನೊಬ್ಬರು ಸುರಕ್ಷತೆಗೆ 4, ಗಾಳಿ-ಸದ್ದಿಗೆ 2, ಹಣಕ್ಕೆ 3, ಮಾಹಿತಿಗೆ 4, ವಿರಾಮಕ್ಕೆ 2, ಮನೆಗೆ 3, ಆಸ್ಪತ್ರೆಗೆ 2, ಓಡಾಟಕ್ಕೆ 4 ಹಾಕಿದ್ದಾರೆ. ಒಟ್ಟು 24, ಸರಾಸರಿ 3, ಅವರಿಗೂ 50. ವರದಿಯಲ್ಲಿ ಇಬ್ಬರೂ ಒಂದೇ. ಎರಡನೆಯವರಿಗೆ ಏನು ಮಾಡಬೇಕು ಎಂಬುದು ಆ ಮೂರು 2ಗಳಲ್ಲಿದೆ, ಸರಾಸರಿಯಲ್ಲಿ ಇಲ್ಲ. ಆದ್ದರಿಂದ ಭಾಗದ ಅಂಕವನ್ನು ವರದಿಯ ಮೊದಲ ಸಾಲಿಗೆ ಬಿಡಿ. ಕೆಲಸಕ್ಕೆ ಬರುವುದು ಪ್ರತಿ ಪ್ರಶ್ನೆಗೆ ಎಷ್ಟು ಜನ 1 ಅಥವಾ 2 ಹಾಕಿದರು ಎಂಬ ಎಣಿಕೆ.

ಇನ್ನೊಂದು ಮೋಸ ಸಮಯದ್ದು. ಪ್ರಶ್ನಾವಳಿ ಕೇಳುವುದು ಕಳೆದ ಎರಡು ವಾರದ ಅನುಭವ. ಬಯಲುಸೀಮೆಯಲ್ಲಿ ಇದರಿಂದ ಅಷ್ಟು ತೊಂದರೆಯಾಗದೇ ಇರಬಹುದು. ಕರಾವಳಿಯಲ್ಲಿ ಜನವರಿಯ ಎರಡು ವಾರ, ಮೇ ತಿಂಗಳ ಎರಡು ವಾರ, ಜುಲೈನ ಎರಡು ವಾರ ಮೂರು ಬೇರೆ ಊರುಗಳಿದ್ದ ಹಾಗೆ. ಜನವರಿಯಲ್ಲಿ ಧೂಳು ಮತ್ತು ಬೆಳಗಿನ ವಾಸನೆ. ಮೇಯಲ್ಲಿ ಸೆಕೆ ಮತ್ತು ಉಪ್ಪು ಬಾವಿ. ಜುಲೈನಲ್ಲಿ ಒಣಗದ ಬಟ್ಟೆ, ಹೋಗುವ ಕರೆಂಟು, ಗುಡ್ಡ ಕುಸಿದರೆ ಮುಚ್ಚುವ ಹೆದ್ದಾರಿ, ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಬಂದರು ನಂಬಿದವರ ಕೈಯಲ್ಲಿ ಕಾಸಿಲ್ಲ. ಕಾಲೇಜಿನವರು ಪ್ರಾಜೆಕ್ಟಿಗೆಂದು ಡಿಸೆಂಬರ್-ಜನವರಿಯಲ್ಲಿ ಬಂದು ಒಮ್ಮೆ ಕೇಳಿ ಹೋದರೆ ಸಿಗುವುದು ವರ್ಷದ ಸುಖದ ಭಾಗದ ಅಂಕ. ಮೂರು ಸಲ ಕೇಳಬೇಕು. ಅಷ್ಟು ಆಗದಿದ್ದರೆ ಮೇ ಮತ್ತು ಜುಲೈ ಬಿಡಬಾರದು.

ಕೇಳುವ ಜಾಗವೂ ಮುಖ್ಯ. ಗೇಟಿನೊಳಗೆ, ಮೇಸ್ತ್ರಿ ಕಣ್ಣೆದುರಿಗೆ ತುಂಬಿದ ಹಾಳೆಯಲ್ಲಿ ಎಲ್ಲವೂ 4. ಬಸ್ಸಿಗೆ ಕಾಯುವಾಗ ಆತುರ. ವಸತಿಯ ಹತ್ತಿರ, ರಜೆಯ ದಿನ, ಹೆಸರು ಬರೆಸದೆ ಕೇಳುವುದು ಒಳ್ಳೆಯದು. ಜಾರ್ಖಂಡ್, ಒಡಿಶಾ, ಬಿಹಾರದವರಿಗೆ ಅವರ ಭಾಷೆ ಬಲ್ಲವರು, ಕೊಂಕಣಿ ಮಾತಾಡುವವರಿಗೆ ಕೊಂಕಣಿ ಬಲ್ಲವರು ಓದಿ ಹೇಳಬೇಕು. ಆದರೆ ಓದುವವರು ಉದಾಹರಣೆ ಸೇರಿಸಬಾರದು. ‘ಉದಾಹರಣೆಗೆ ಆ ವಾಸನೆ’ ಅಂದ ಕೂಡಲೇ ಉತ್ತರ ಆ ಕಡೆ ವಾಲುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕ ಬೇರೆಯಾಗಿ ಪ್ರಕಟಿಸಬೇಡಿ, ಯಾರು ಏನಂದರೆಂದು ಎಲ್ಲರಿಗೂ ತಿಳಿದುಬಿಡುತ್ತದೆ. ಇನ್ನು, ಕಾಯಿಲೆ ಬಿದ್ದವರು, ತಾಳಲಾರದವರು ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾರೆ. ಸಮೀಕ್ಷೆಗೆ ಸಿಗುವವರು ಗಟ್ಟಿಗರು, ಹಾಗಾಗಿ ಅಂಕ ನಿಜಕ್ಕಿಂತ ಮೇಲೆಯೇ ಇರುತ್ತದೆ. ಕಳೆದ ಒಂದು ವರ್ಷದಲ್ಲಿ ಕೆಲಸ ಬಿಟ್ಟವರ ಪಟ್ಟಿ ಸಿಕ್ಕರೆ ಅವರಲ್ಲಿ ಕೆಲವರಿಗೆ ಫೋನ್ ಮಾಡಿ ಕೇಳುವುದು ಹಾಳೆ ಹೆಚ್ಚಿಸುವುದಕ್ಕಿಂತ ಉಪಯುಕ್ತ.

ಸೆಕೆಯನ್ನು ಥರ್ಮಾಮೀಟರ್ ಒಂದೇ ಹೇಳದು

ಮೇ ತಿಂಗಳಲ್ಲಿ ಗಾಳಿ, ಸದ್ದು, ಹವೆಯನ್ನು ಕುರಿತ 9ನೇ ಪ್ರಶ್ನೆಗೆ 2 ಬಂದರೆ ಮೊದಲು ನೋಡಬೇಕಾದದ್ದು ಸೆಕೆ. ಹುಬ್ಬಳ್ಳಿಯಲ್ಲಿ 38 ಡಿಗ್ರಿ, ಕಾರವಾರದಲ್ಲಿ 33 ಎಂದು ಪತ್ರಿಕೆಯಲ್ಲಿ ಬಂದರೆ ಘಟ್ಟದ ಮೇಲಿನವರು ನಮ್ಮನ್ನು ಅದೃಷ್ಟವಂತರು ಅನ್ನುತ್ತಾರೆ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಅದನ್ನು ಹೇಳುವುದು ಒದ್ದೆ ಬಲ್ಬಿನ ಉಷ್ಣತೆ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ. 38 ಡಿಗ್ರಿ, ತೇವಾಂಶ ಶೇ 25 ಇದ್ದಾಗ ಒದ್ದೆ ಬಲ್ಬ್ ಸುಮಾರು 23. 33 ಡಿಗ್ರಿ, ತೇವಾಂಶ ಶೇ 75 ಇದ್ದಾಗ ಸುಮಾರು 29. ಮೈಗೆ ಕಷ್ಟ ಯಾವುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2025ರ ನವೆಂಬರ್‌ವರೆಗೆ ಇದ್ದ ಫ್ಯಾಕ್ಟರಿ ಕಾಯ್ದೆಯ ಮಾದರಿ ನಿಯಮದಲ್ಲಿ ಕೆಲಸದ ಕೋಣೆಯೊಳಗೆ ನೆಲದಿಂದ 1.5 ಮೀಟರ್ ಎತ್ತರದಲ್ಲಿ ಒದ್ದೆ ಬಲ್ಬ್ 30 ದಾಟಬಾರದು, ಗಾಳಿ ನಿಮಿಷಕ್ಕೆ ಕನಿಷ್ಠ 30 ಮೀಟರ್ ಆಡಬೇಕು ಎಂದಿತ್ತು. ನಮ್ಮ ಕರಾವಳಿಯಲ್ಲಿ ಇಂಥ ದಿನ ಯಂತ್ರ ಚಾಲೂ ಮಾಡುವ ಮೊದಲೇ 29 ಇರುತ್ತದೆ.

ಅಳೆಯುವುದು ಕಷ್ಟವಿಲ್ಲ. ಪ್ರಯೋಗಶಾಲೆಯ ಸಾಮಾನು ಮಾರುವಲ್ಲಿ 0-50 ಡಿಗ್ರಿಯ ಎರಡು ಒಂದೇ ತರಹದ ಥರ್ಮಾಮೀಟರ್ ತನ್ನಿ. ಎರಡನ್ನೂ ಒಂದೇ ಬಕೆಟ್ ನೀರಿನಲ್ಲಿ ಐದು ನಿಮಿಷ ಅದ್ದಿ ನೋಡಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬದಲಿಸಿಕೊಳ್ಳಿ. ಒಂದರ ಬಲ್ಬಿಗೆ ಹಳೆಯ ತೆಳು ಪಂಚೆಯ ಬಟ್ಟೆ ಸುತ್ತಿ. ಬಟ್ಟೆ ಹೊಸದಾದರೆ ಗಂಜಿ ಹೋಗುವ ತನಕ ಸೋಪಿನಲ್ಲಿ ಕುದಿಸಿ ತೊಳೆಯಬೇಕು, ಇಲ್ಲದಿದ್ದರೆ ನೀರು ಮೇಲೇರುವುದಿಲ್ಲ. ಬಟ್ಟೆ ಬಲ್ಬನ್ನು ಪೂರ್ತಿ ಮುಚ್ಚಿ ಅದಕ್ಕಿಂತ ಎರಡು ಸೆಂ.ಮೀ. ಮೇಲಕ್ಕೂ ಇರಲಿ. ಬಾಲ ಕೆಳಗಿನ ಸಣ್ಣ ಬಾಟಲಿಯ ನೀರಿನಲ್ಲಿ ಮುಳುಗಿರಲಿ, ಬಾಟಲಿಯ ಬಾಯಿಗೂ ಬಲ್ಬಿಗೂ ಎರಡು-ಮೂರು ಸೆಂ.ಮೀ. ಅಂತರ ಇರಲಿ. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಬೇಕು. ನಲ್ಲಿ ನೀರು, ಅದರಲ್ಲೂ ನಮ್ಮ ಬೇಸಿಗೆಯ ಬಾವಿನೀರು ಹಾಕಿದರೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಅಂಕಿ ಮೇಲೆ ತೋರಿಸುತ್ತದೆ. ಬಿಸಿಲು ತಾಗದಲ್ಲಿ, ಬಿಸಿ ಯಂತ್ರಕ್ಕೆ ಎದುರಾಗದಂತೆ ತೂಗುಹಾಕಿ, ಟೇಬಲ್ ಫ್ಯಾನ್ ಐದು ನಿಮಿಷ ಬಿಟ್ಟು, ಒದ್ದೆಯದನ್ನು ಮೊದಲು ಓದಿ. ಫ್ಯಾನ್ ಇಲ್ಲದೆ ಓದಿದರೂ ಬಟ್ಟೆ ಒಣಗಿದ್ದರೂ ಅಂಕಿ ಹೆಚ್ಚಾಗಿಯೇ ಬರುತ್ತದೆ. ಅಂದರೆ ತಪ್ಪುಗಳೆಲ್ಲ ಕಾರ್ಮಿಕರ ದೂರಿನ ಕಡೆಗೇ ವಾಲುತ್ತವೆ. ಆಡಳಿತದವರು ಮೊದಲು ಹಿಡಿಯುವುದೂ ಇದನ್ನೇ, ಆದ್ದರಿಂದ ಅಳತೆ ಶುದ್ಧವಾಗಿರಲಿ.

ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಈ ಅಳತೆ ಸಾಲದು. ಕಪ್ಪು ಗೋಳದ ಥರ್ಮಾಮೀಟರ್ ಸೇರಿಸಿ ಲೆಕ್ಕ ಹಾಕುವ ಡಬ್ಲ್ಯುಬಿಜಿಟಿ ಬೇಕು: ಫ್ಯಾನ್ ಬಿಡದೆ ಬಯಲಿನಲ್ಲೇ ಓದಿದ ಒದ್ದೆ ಬಲ್ಬಿನ 0.7 ಪಾಲು, ಗೋಳದ 0.2, ಗಾಳಿಯ ಉಷ್ಣತೆಯ 0.1. ಸೆಕೆಗೆ ಒಗ್ಗಿದವರ ಮಧ್ಯಮ ಕೆಲಸಕ್ಕೆ ಅಂತರರಾಷ್ಟ್ರೀಯ ಮಾನಕ ಹೇಳುವ ಮಿತಿ 28. ಅದನ್ನು ದಾಟಿದರೆ ಪ್ರತಿ ಗಂಟೆಯಲ್ಲೂ ನೆರಳಿನ ವಿಶ್ರಾಂತಿ ಸೇರಿಸಬೇಕು. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆಗೆ ಕಾಯದೆ. ಇಡೀ ಪಾಳಿ ಬೆವರುವವರಿಗೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಮುರುಗಲು ಪಾನಕ ಕ್ಯಾಂಟೀನಿನಲ್ಲಿ ಇಟ್ಟರೆ ಬಣ್ಣದ ಬಾಟಲಿ ಪಾನೀಯದ ಅಗತ್ಯವಿಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಲಿ.

ಸೆಕೆಯಲ್ಲಿ ಬೀಳುವವರು ಹೆಚ್ಚಾಗಿ ಹೊಸಬರು. ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಕ್ರಮ: ಹೊಸಬರಿಗೆ ಮೊದಲ ದಿನ ಸೆಕೆಯ ಕೆಲಸ ಶೇ 20ರಷ್ಟು ಮಾತ್ರ, ದಿನಕ್ಕೆ ಶೇ 20ರಂತೆ ಏರಿಕೆ, ರಜೆಯಿಂದ ಮರಳಿದ ಹಳಬರಿಗೆ ಶೇ 50, 60, 80, ನಾಲ್ಕನೇ ದಿನ ಪೂರ್ತಿ. ಊರ ಹಬ್ಬಕ್ಕೋ ಮದುವೆಗೋ ಏಪ್ರಿಲ್‌ನಲ್ಲಿ ಹೋಗಿ ಎರಡು ವಾರ ಬಿಟ್ಟು ಬಂದವನನ್ನು ಮೊದಲ ದಿನವೇ ಶೀಟಿನ ಮೇಲೆ ವೆಲ್ಡಿಂಗಿಗೆ ಹತ್ತಿಸುವುದು ಅಪಾಯ.

ವಾಸನೆಗೂ ವೇಳಾಪಟ್ಟಿ ಇದೆ

ಕಾರವಾರದಲ್ಲಿ ಗುಡ್ಡ ಸಮುದ್ರದ ಬೆನ್ನಿಗೇ ಇದೆ. ಮಳೆಗಾಲ ಬಿಟ್ಟರೆ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಬೆಳಿಗ್ಗೆ ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಸಂಜೆಯವರೆಗೆ ಒಳನಾಡಿಗೆ ಬೀಸುತ್ತದೆ. ರಾತ್ರಿ ನೆಲ ತಣಿದಾಗ ಗುಡ್ಡದ ತಂಪು ಗಾಳಿ ಕಣಿವೆ ಹಿಡಿದು ಸಮುದ್ರಕ್ಕೆ ಇಳಿಯುತ್ತದೆ. ಹಾಗಾಗಿ ಚಿಮಣಿಗೂ ಗುಡ್ಡಕ್ಕೂ ನಡುವೆ ಇರುವ ಕೇರಿಗೆ ವಾಸನೆ ಮಧ್ಯಾಹ್ನ. ಚಿಮಣಿಗೂ ಕಡಲಿಗೂ ನಡುವೆ ಇರುವ ಕೇರಿಗೆ ರಾತ್ರಿ ಮತ್ತು ನಸುಕಿನಲ್ಲಿ. ಚಳಿಗಾಲದ ನಸುಕಿನಲ್ಲಿ ತಗ್ಗಿನ ಜಾಗದಲ್ಲಿ ಗಾಳಿ ಕದಲದೆ ನಿಲ್ಲುತ್ತದೆ, ಹೊಗೆ ಮೇಲೇರುವುದಿಲ್ಲ. ಅಧಿಕಾರಿ ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದಿಳಿಯುವ ಹೊತ್ತಿಗೆ ಕಡಲಗಾಳಿ ಎಲ್ಲ ಗುಡಿಸಿರುತ್ತದೆ, ದೂರು ಕೊಟ್ಟವರು ಸುಳ್ಳರಾಗುತ್ತಾರೆ.

ಇದಕ್ಕೆ ಮದ್ದು ವಾಸನೆಯ ದಾಖಲೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಶುರುವಾದ ಮತ್ತು ನಿಂತ ಸಮಯ, ಊದುಬತ್ತಿಯ ಹೊಗೆ ನೋಡಿ ಗಾಳಿಯ ದಿಕ್ಕು, 0ರಿಂದ 5ರವರೆಗೆ ತೀವ್ರತೆ, ಯಾವುದರ ಹಾಗೆ ವಾಸನೆ (ಬ್ಲೀಚಿಂಗ್ ಪುಡಿ, ಕೊಳೆತ ಮೊಟ್ಟೆ, ಸುಟ್ಟ ರಬ್ಬರ್), ಕಣ್ಣು-ಗಂಟಲಿಗೆ ಏನಾಯಿತು. ವಾಸನೆ ಇಲ್ಲದ ದಿನ ‘ಇಲ್ಲ’ ಎಂದು ಬರೆಯಲೇಬೇಕು. ಬರೀ ಕೆಟ್ಟ ದಿನಗಳ ಪಟ್ಟಿಗೆ ಬೆಲೆ ಇಲ್ಲ. ಮೂರು ಮನೆಯವರು ಬೇರೆಬೇರೆಯಾಗಿ ಬರೆದು ಹೊಂದಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರದ ಕಚೇರಿಗೆ ಯಾವ ಹೊತ್ತಿಗೆ ಬಂದು ಅಳೆಯಬೇಕೆಂದು ಹೇಳಬಹುದು. ಒಳಗೆ ದುಡಿಯುವವರ ಮೂಗು ಇದಕ್ಕೆ ಆಗದು, ಅದು ದಣಿದಿರುತ್ತದೆ. ಕಾಗದದ ಗಿರಣಿಗಳಲ್ಲಿ ಹುಟ್ಟುವ ಗಂಧಕದ ಅನಿಲಗಳು ತೀರ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ತಿಳಿಯುತ್ತವೆ. ಆದರೆ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆಯೇ ಗೊತ್ತಾಗದಂತೆ ಮೂಗನ್ನು ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದು ಟ್ಯಾಂಕಿನೊಳಗೆ ಇಳಿಯಬಾರದು.

ಎರಡು ಅನಿಲಗಳ ಬಗ್ಗೆ ಇಲ್ಲಿ ಎಲ್ಲರಿಗೂ ತಿಳಿದಿರಬೇಕು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಎಂಟು ಗಂಟೆಯ ಕೆಲಸಕ್ಕೆ ಅನುಮತಿಸಿದ ಮಿತಿ 1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಸೋರಿದರೆ ಅದು ಗಟಾರ, ತಗ್ಗು, ನೆಲಮಾಳಿಗೆಯಲ್ಲಿ ತುಂಬುತ್ತದೆ. ಬೀಸುವ ಗಾಳಿಗೆ ಅಡ್ಡಲಾಗಿ ಸರಿದು ಎತ್ತರಕ್ಕೆ ಹೋಗಬೇಕು, ಒದ್ದೆ ಬಟ್ಟೆ ಮೂಗಿಗೆ ಹಿಡಿಯಬೇಕು. ಅಣಕು ಪ್ರದರ್ಶನದಲ್ಲಿ ಸೇರುವ ಜಾಗ ಒಂದೇ ಎಂದು ಕಲಿಸಿದ್ದರೆ ಅದು ಅರ್ಧ ಪಾಠ: ಕಡಲಗಾಳಿಗೊಂದು, ರಾತ್ರಿಯ ಗಾಳಿಗೊಂದು, ಎರಡು ಜಾಗ ಬೇಕು. ಮನೆಯಲ್ಲೂ ಒಂದು ಮಾತು, ಬ್ಲೀಚಿಂಗ್ ಪುಡಿಗೂ ಆಸಿಡ್ಡಿಗೂ ಜೊತೆ ಮಾಡಬೇಡಿ, ಬಚ್ಚಲಿನಲ್ಲೇ ಕ್ಲೋರಿನ್ ಏಳುತ್ತದೆ.

ಮಂಜುಗಡ್ಡೆ ಕಾರ್ಖಾನೆಗಳಲ್ಲಿರುವುದು ಅಮೋನಿಯಾ. ಪುಸ್ತಕದಲ್ಲಿ ಗಾಳಿಗಿಂತ ಹಗುರ ಎಂದು ಇರುತ್ತದೆ, ನಿಜ. ಆದರೆ ದ್ರವ ಸೋರಿದಾಗ ತಣ್ಣಗಿನ ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ. ನೀರಿನ ತುಂತುರನ್ನು ಆ ಮೋಡಕ್ಕೆ ಹಾಯಿಸಬೇಕು, ನೆಲದ ಮೇಲೆ ನಿಂತ ದ್ರವಕ್ಕೆ ಅಲ್ಲ. ದ್ರವಕ್ಕೆ ನೀರು ಬಿದ್ದರೆ ಅದು ಕುದಿದು ಇನ್ನಷ್ಟು ಅನಿಲ ಏಳುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರು, ಆಸ್ಪತ್ರೆ ಆಮೇಲೆ. ಅವಘಡ ಹೆಚ್ಚಾಗಿ ಆಗುವ ಜಾಗಗಳೂ ಗೊತ್ತಿರುವವೇ: ಕಂಪ್ರೆಸರಿನಿಂದ ಬಂದು ತಳದಲ್ಲಿ ನಿಂತ ಎಣ್ಣೆ ಬಸಿಯುವಾಗ, ಶಾಫ್ಟಿನ ಸೀಲಿನಲ್ಲಿ, ಮತ್ತು ಥರ್ಮೋಕೋಲ್ ಹೊದಿಕೆಯೊಳಗೆ ಕಾಣದಂತೆ ತುಕ್ಕು ಹಿಡಿದ ಪೈಪಿನಲ್ಲಿ. ಕಡಲಗಾಳಿಯ ಉಪ್ಪು, ಹೊದಿಕೆಯೊಳಗೆ ನಿಂತ ತೇವ ಸೇರಿದರೆ ಪೈಪು ಬೇಗ ಸವೆಯುತ್ತದೆ. ನಿಷೇಧದ ಎರಡು ತಿಂಗಳು ನಿಂತ ಯಂತ್ರವನ್ನು ಆಗಸ್ಟಿನ ಮೊದಲ ವಾರ ಗಡಿಬಿಡಿಯಲ್ಲಿ ಚಾಲೂ ಮಾಡುವಾಗ ಒಣಗಿದ ಸೀಲು ಸೋರುವ ಸಂಭವ ಹೆಚ್ಚು. ಹೊದಿಕೆ ಬಿಚ್ಚಿ ಪೈಪು ನೋಡಲು, ಸೀಲು ಬದಲಿಸಲು ಜೂನ್-ಜುಲೈಗಿಂತ ಒಳ್ಳೆಯ ಸಮಯ ಸಿಗದು.

ನೀರು

ಕರಾವಳಿಯ ಬಾವಿ ಏಪ್ರಿಲ್ ಮುಗಿಯುವಾಗ ಉಪ್ಪಾಗುವುದಕ್ಕೆ ಕಾರಣ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವುದು. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿರುವ ಸಿಹಿನೀರು ಕೆಳಗೆ ಸುಮಾರು 40 ಮೀಟರ್ ಆಳದ ತನಕ ಉಪ್ಪುನೀರನ್ನು ಒತ್ತಿ ಹಿಡಿಯುತ್ತದೆ. ಮೇಲಿನ ಮಟ್ಟ ಒಂದಡಿ ಇಳಿದರೂ ಕೆಳಗಿನ ಉಪ್ಪು ನಲವತ್ತಡಿ ಏರಬಹುದು. ಬಾಡಿಗೆ ಕೋಣೆಗಳ ಸಾಲಿಗೆಲ್ಲ ಒಂದೇ ಬಾವಿಗೆ ದೊಡ್ಡ ಪಂಪು ಕೂರಿಸಿ ಬೆಳಿಗ್ಗೆ ಒಂದೇ ಸಲ ಎಳೆಯುವುದಕ್ಕಿಂತ ಸಣ್ಣ ಪಂಪಿನಲ್ಲಿ ದಿನವಿಡೀ ಸ್ವಲ್ಪ ಸ್ವಲ್ಪ ಎತ್ತುವುದು ಒಳ್ಳೆಯದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು ಮುಂತಾದವುಗಳ ಒಟ್ಟು) ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2000ದ ತನಕ. ಪೆನ್ನಿನಂಥ ಟಿಡಿಎಸ್ ಮೀಟರ್ ಎಲ್ಲ ಕಡೆ ಸಿಗುತ್ತದೆ. ವಾರಕ್ಕೊಮ್ಮೆ ಓದಿ ಕೋಣೆಯ ಗೋಡೆಯ ಮೇಲೆ ಬರೆದಿಡಿ. ಕುದಿಸಿದರೆ ಉಪ್ಪು ಹೋಗದು, ಕುದಿದಷ್ಟೂ ಹೆಚ್ಚುತ್ತದೆ.

ಮೀಟರು ರೋಗಾಣು ತೋರಿಸುವುದಿಲ್ಲ. ಜುಲೈನಲ್ಲಿ ಟಿಡಿಎಸ್ 60 ಬಂದ ನೀರು ಅತ್ಯಂತ ‘ಶುದ್ಧ’ ಅನ್ನಿಸಿದರೂ ಪಾಯಿಖಾನೆ ಗುಂಡಿಯ ನೀರು ಬಾವಿಗೆ ಸೇರುವುದು ಆಗಲೇ. ಬಾವಿಗೆ ಬ್ಲೀಚಿಂಗ್ ಪುಡಿಯ ಲೆಕ್ಕ: ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರು ಇದ್ದರೆ 9.4 ಘನ ಮೀಟರ್, ಅಂದರೆ 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 24 ಗ್ರಾಂ. ಬಕೆಟ್ಟಿನಲ್ಲಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಭಾಗ ತುಂಬಿಸಿ ತಿರುವಿ, ಹತ್ತು ನಿಮಿಷ ಬಿಟ್ಟು ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಸುರಿದು, ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ನೀರು ಎತ್ತಬಾರದು. ಆಮೇಲೆ ಕ್ಲೋರಿನ್ ಪಟ್ಟಿಯಲ್ಲಿ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ತೋರಿಸಿದರೆ ಸಾಕು. ತೋರಿಸದಿದ್ದರೆ ಇನ್ನೊಮ್ಮೆ ಹಾಕಿ. ಮಳೆಗಾಲದಲ್ಲಿ ತೋರಿಸದಿರುವುದೇ ಹೆಚ್ಚು: ನೀರು ಕದಡಿರುತ್ತದೆ, ಮತ್ತು ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಚೀಲ ಕಾರವಾರದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಲೆಕ್ಕ ಹೊಸ ಪುಡಿಗೆ ಹಾಕಿದ್ದು, ಅದರಲ್ಲಿ ಶೇ 33 ಕ್ಲೋರಿನ್ ಇರುತ್ತದೆ.

ಚಿರೆಕಲ್ಲಿನ ನೆಲದ ಬೋರ್‌ವೆಲ್ ನೀರು ಎತ್ತುವಾಗ ತಿಳಿಯಾಗಿದ್ದು ಬೆಳಗಾಗುವಾಗ ಬಕೆಟ್ಟಿನಲ್ಲಿ ಕೆಂಪಾದರೆ ಅದು ಕಬ್ಬಿಣ. ಆ ನೀರಿನಲ್ಲಿ ಚಹಾ ಕಪ್ಪಾಗುತ್ತದೆ. ಎತ್ತರದಿಂದ ಜಾಲರಿಯ ಮೇಲೆ ಸುರಿಸಿ, ರಾತ್ರಿ ನಿಲ್ಲಿಸಿ, ಮರಳಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ.

ಕೋಣೆ ಮತ್ತು ಹಗಲು ನಿದ್ದೆ

ವಾಸದ ಜಾಗದ ಬಗೆಗಿನ 23ನೇ ಪ್ರಶ್ನೆಗೆ ಸಿಗುವ ಕಡಿಮೆ ಅಂಕದ ಹಿಂದೆ ಹೆಚ್ಚಾಗಿ ಇರುವುದು ಹತ್ತಡಿಗೆ ಹತ್ತಡಿಯ ಕೋಣೆ. ಅದು 9.3 ಚದರ ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು ಕನಿಷ್ಠ 9.5. ಅದರಲ್ಲಿ ನಾಲ್ವರಿರುತ್ತಾರೆ. ಸಂಹಿತೆ ಸೆಕೆ-ತೇವದ ಪ್ರದೇಶಕ್ಕೆ ನೆಲದ ಆರನೇ ಒಂದು ಪಾಲು ಗಾಳಿಯ ಕಿಂಡಿ ಕೇಳುತ್ತದೆ, ಅಂದರೆ ನಾಲ್ಕಡಿಗೆ ನಾಲ್ಕಡಿಯಷ್ಟು. ಇರುವುದು ಎರಡಕ್ಕೆ ಎರಡರ ಒಂದು ಕಿಟಕಿ, ಅದಕ್ಕೂ ಕಳ್ಳರ ಭಯಕ್ಕೆ ಹಲಗೆ ಬಡಿದಿರುತ್ತಾರೆ. ಎದುರು ಗೋಡೆಯಲ್ಲಿ ಮೇಲ್ಗಡೆ ಜಾಲರಿ ಹಾಕಿದ ಇನ್ನೊಂದು ಕಿಂಡಿ ತೆಗೆಸಿದರೆ ಗಾಳಿಗೆ ದಾರಿಯಾಗುತ್ತದೆ. ಒಂದೇ ಗೋಡೆಯ ಕಿಟಕಿಯನ್ನು ದೊಡ್ಡದು ಮಾಡಿ ಪ್ರಯೋಜನ ಕಡಿಮೆ.

ಶೀಟಿನ ಮಾಡಿಗೆ ಕೆಳಗೆ ಅರ್ಧ ಅಡಿ ಅಂತರ ಬಿಟ್ಟು ಸೀಲಿಂಗ್ ಹೊಡೆಸಿದರೆ ಮೇಯಲ್ಲಿ ಬಿಸಿಯೂ ಜುಲೈಯಲ್ಲಿ ಮಳೆಯ ಸದ್ದೂ ತಗ್ಗುತ್ತದೆ. ಆ ಅಂತರದ ಎರಡೂ ತುದಿ ತೆರೆದಿರಬೇಕು, ಮುಚ್ಚಿದರೆ ಬಿಸಿ ಅಲ್ಲೇ ಕೂರುತ್ತದೆ, ಇಲಿಗೂ ಮನೆಯಾಗುತ್ತದೆ, ಜಾಲರಿ ಬೇಕು. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸುವುದೇ ಗೋಡೆಯ ಬೂಸ್ಟಿಗೆ ಮುಖ್ಯ ಕಾರಣ. ಮನೆಮಾಲೀಕರು ಸಾಲು ಕೋಣೆಗಳಿಗೆಲ್ಲ ಸೇರಿ ಒಂದು ಪಾರದರ್ಶಕ ಶೀಟಿನ ತೆರೆದ ಚಾವಡಿ ಹಾಕಿಕೊಟ್ಟರೆ ಅರ್ಧ ಸಮಸ್ಯೆ ಹೋಯಿತು. ಹಾಸಿಗೆ ಹೊರಗೋಡೆಯಿಂದ ಒಂದು ಗೇಣು ದೂರ ಇರಲಿ.

ರಾತ್ರಿ ಪಾಳಿಯವರ ಕಷ್ಟ ನಿಯಮದ ಕಣ್ಣಿಗೇ ಬಿದ್ದಿಲ್ಲ. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಬೆಳಿಗ್ಗೆ 7ಕ್ಕೆ ಮಲಗುವವನಿಗೆ ನಿಯಮ ಕೊಡುವ ‘ರಾತ್ರಿ’ ಆಗಲೇ ಮುಗಿದಿರುತ್ತದೆ. ಹೆದ್ದಾರಿ ಬದಿಯ ಕೋಣೆಗಳನ್ನು ರಾತ್ರಿ ಪಾಳಿಯವರಿಗೆ ಕೊಡದೆ ಹಿಂದಿನ ಸಾಲು ಕೊಡುವುದು ಖರ್ಚಿಲ್ಲದ ಪರಿಹಾರ. ಫೋನಿನ ಆ್ಯಪ್‌ನಲ್ಲಿ ಸದ್ದು ಅಳೆಯುವವರು ಫ್ಯಾನ್ ಆರಿಸಿ, ಮೈಕಿಗೆ ಗಾಳಿ ತಾಗದಂತೆ ಹಿಡಿದು, ಕನಿಷ್ಠ ಹದಿನೈದು ನಿಮಿಷದ ಸರಾಸರಿ ತೆಗೆಯಿರಿ. ಕೆಲವು ಡೆಸಿಬಲ್ ಆಚೀಚೆ ಬರುತ್ತದೆ, ಎರಡು ಕೋಣೆಗಳ ಹೋಲಿಕೆಗೆ ಸಾಕು, ದೂರಿಗೆ ಸಾಲದು. ಇನ್ನು ಕರೆಂಟು: ಕಾಳಿ ನದಿಯ ಮೇಲೆ ಸಾಲು ಅಣೆಕಟ್ಟು, ಪಕ್ಕದಲ್ಲಿ ಕೈಗಾದ 220 ಮೆಗಾವಾಟಿನ ನಾಲ್ಕು ಘಟಕ, ಆದರೂ ಜುಲೈ ಮಧ್ಯಾಹ್ನ ಫ್ಯಾನ್ ನಿಲ್ಲುವುದು ತಂತಿಯ ಮೇಲೆ ಮರ ಬೀಳುವುದರಿಂದ. ಡಿಸಿ ಫ್ಯಾನಿಗೆ ಒಂದು ಸಣ್ಣ ಬ್ಯಾಟರಿ ಇಟ್ಟರೆ ಹಗಲು ನಿದ್ದೆ ಉಳಿಯುತ್ತದೆ.

ಆಸ್ಪತ್ರೆ, ದಾರಿ, ಉಳಿದದ್ದು

ವೈದ್ಯಕೀಯ ಸೌಲಭ್ಯದ 24ನೇ ಪ್ರಶ್ನೆ ಈ ಜಿಲ್ಲೆಯ ಹಳೆಯ ನೋವು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಕೂಗೇ ಎದ್ದಿತ್ತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅದಕ್ಕೂ ಮೀರಿದ್ದಾದರೆ ಗೋವಾ, ಹುಬ್ಬಳ್ಳಿ ಅಥವಾ ಮಣಿಪಾಲ. ಕಾರ್ಮಿಕ ಸಂಘ ಮಾಡಬಹುದಾದದ್ದು: ಸುಟ್ಟಗಾಯ, ಕಣ್ಣು, ಅನಿಲ, ಎದೆನೋವು, ತಲೆಪೆಟ್ಟು, ಒಂದೊಂದಕ್ಕೂ ಎಲ್ಲಿಗೆ ಮೊದಲು ಒಯ್ಯಬೇಕು ಎಂದು ವೈದ್ಯರನ್ನು ಕೇಳಿ ಗೋಡೆಯ ಮೇಲೆ ಬರೆಯುವುದು, ಮಳೆಗಾಲದಲ್ಲಿ ದಾರಿ ಮುಚ್ಚಿದರೆ ಬದಲಿ ಯಾವುದು ಎಂಬುದನ್ನೂ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತ್ತು. ಆಗಸ್ಟ್ 7ರಂದು ಗೋವಾ ಕಡೆಗಿನ ದಾರಿಯಲ್ಲಿ ಕಾಳಿಯ ಹಳೆಯ ಸೇತುವೆ ಬಿತ್ತು. ಒಂದೇ ದಾರಿಯನ್ನು ನೆಚ್ಚಿದ ಯೋಜನೆ ಜುಲೈಯಲ್ಲಿ ಯೋಜನೆಯಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಚೀಟಿಯನ್ನು ಪ್ರತಿಯೊಬ್ಬ ಗುತ್ತಿಗೆ ಕಾರ್ಮಿಕನೂ ನೋಡಬೇಕು. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ಕಾರ್ಮಿಕನಿಂದ ಶೇ 0.75, ಮಾಲೀಕನಿಂದ ಶೇ 3.25. ಸಂಬಳದಲ್ಲಿ ಕಡಿತವಾಗಿ ಇಎಸ್‌ಐ ಖಾತೆಗೆ ಕಟ್ಟಿಲ್ಲದಿರುವುದು ಸಾಮಾನ್ಯ ಮೋಸ. ಏಪ್ರಿಲ್-ಸೆಪ್ಟೆಂಬರ್ ಅಥವಾ ಅಕ್ಟೋಬರ್-ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಮಾತ್ರ ಕಾಯಿಲೆ ಭತ್ಯೆ, ಅದು ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ. ಗುತ್ತಿಗೆದಾರ ಬದಲಾದಾಗ ಹೊಸ ವಿಮಾ ಸಂಖ್ಯೆ ಮಾಡಿಸಿದರೆ ಹಳೆಯ ದಿನಗಳು ಎಣಿಕೆಗೆ ಬರದೆ ಹೋಗುತ್ತವೆ. ಹಳೆಯ ಸಂಖ್ಯೆಯನ್ನೇ ಮುಂದುವರಿಸಿ ಎಂದು ಕೇಳಬೇಕು.

ಓಡಾಟದ ಪ್ರಶ್ನೆಗೆ ಹಗಲು ಪಾಳಿಯವರು 4 ಹಾಕಿ, ರಾತ್ರಿ ಹತ್ತಕ್ಕೆ ಬಿಡುವವರು 1 ಹಾಕುತ್ತಾರೆ. ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸು 2023ರ ಜೂನ್‌ನಿಂದ ಉಚಿತ, ಆದರೆ ಹತ್ತೂವರೆಗೆ ಬಸ್ಸೇ ಇಲ್ಲದ ದಾರಿಯಲ್ಲಿ ಉಚಿತಕ್ಕೆ ಅರ್ಥವಿಲ್ಲ. ಪಾಳಿಯ ಸಮಯವನ್ನು ಕೊನೆಯ ಬಸ್ಸಿಗೆ ಅರ್ಧ ಗಂಟೆ ಹಿಂದೆ ಸರಿಸುವುದು ಬಸ್ಸನ್ನು ಸರಿಸುವುದಕ್ಕಿಂತ ಸುಲಭ. ವಿರಾಮದ ಪ್ರಶ್ನೆಗೆ ಬೀಚು ಇದೆಯಲ್ಲ ಎಂಬ ಉತ್ತರ ಬರುತ್ತದೆ. ವಾರದ ರಜೆ ಯಾವತ್ತು ಎಂದು ಹಿಂದಿನ ದಿನದ ತನಕ ಗೊತ್ತಿಲ್ಲದವರಿಗೆ ಟಾಗೋರ್ ಕಡಲತೀರ ಇದ್ದೂ ಇಲ್ಲದ ಹಾಗೆ. ತಿಂಗಳ ರಜೆಯ ಪಟ್ಟಿ ಮೊದಲೇ ಹಾಕಿಸಿ.

ಮರು ವರ್ಷ ಕೇಳುವಾಗ ಮೇ ತಿಂಗಳ ಉತ್ತರವನ್ನು ಮೇ ತಿಂಗಳಿಗೆ, ರಾತ್ರಿ ಪಾಳಿಯದನ್ನು ರಾತ್ರಿ ಪಾಳಿಗೆ ಹೋಲಿಸಿ. ಸೀಲಿಂಗ್ ಹೊಡೆಸಿದ ಸಾಲಿನಲ್ಲಿ 23ನೇ ಪ್ರಶ್ನೆಗೆ 1, 2 ಹಾಕಿದವರು ಕಡಿಮೆಯಾದರೇ, ಹೊಡೆಸದ ಸಾಲಿನಲ್ಲಿ ಹಾಗೆಯೇ ಇದ್ದಾರೇ ನೋಡಿ. ಎರಡೂ ಸಾಲಿನಲ್ಲಿ ಕಡಿಮೆಯಾಗಿದ್ದರೆ ಆ ವರ್ಷ ಮಳೆ ಬೇಗ ಬಂದಿರಬಹುದು, ಸೀಲಿಂಗಿನ ಹೆಸರಿಗೆ ಬರೆಯಬೇಡಿ.